ಕಾರ್ವರಮ್ಮ ಹೋಗದ ಹೋಟೆಲು

ಫ್ರೇಡಾ ಲಿಪ್‌ಶುಟ್ಸ್ ಹೋಟೆಲಿನಿಂದ ತನ್ನ ಹೆಸರಿಗೆ ಬಂದ ಎರಡನೆಯ ಲಕೋಟೆಯನ್ನು ಒಡೆಯದೆ ಕೈಯಲ್ಲೇ ಹಿಡಿದು ನಿಂತಳು. ಯಹೂದಿಯರ ಹಕ್ಕಿಗಾಗಿ ಹೋರಾಡುವ ನ್ಯೂಯಾರ್ಕಿನ ಒಂದು ಕಚೇರಿಯಿಂದ ಅವಳು ಏಳು ವರ್ಷಗಳಿಂದ ಸರೋವರದ ದಡದ ಒಂದೇ ಹೋಟೆಲಿಗೆ, ಯಹೂದಿಯರನ್ನು ಒಳಗೆ ಬಿಡುತ್ತಾರೋ ಎಂದು ಪರೀಕ್ಷಿಸಲು, ಕೋಣೆ ಕೇಳಿ ಎರಡೆರಡು ಪತ್ರ ಬರೆಯುತ್ತಿದ್ದಳು. ಒಂದು, ಮಿಸೆಸ್ ಕಾರ್ವರ್ ಎಂಬ ಇಲ್ಲದ ಕ್ರೈಸ್ತ ಹೆಂಗಸಿನ ಹೆಸರಿನಲ್ಲಿ. ಇನ್ನೊಂದು ತನ್ನದೇ ಯಹೂದಿ ಹೆಸರಿನಲ್ಲಿ. ಕಾರ್ವರ್‌ಗೆ ಪ್ರತಿಸಲವೂ ಕೋಣೆ ಸಿಗುತ್ತಿತ್ತು. ಫ್ರೇಡಾಗೆ ಮಾತ್ರ ಹೋಟೆಲು ಭರ್ತಿ.

"ಒಡಿಯಮ್ಮಾ, ಅದೇ ಹಳೇ ರಾಗ ತಾನೇ," ಎನ್ನುತ್ತ ಹಿರಿಯ ವಕೀಲ ಜೆಲಿಗ್ ನಿರಾಕರಣೆಗಳ ಕಡತ ಚಾಚಿದರು.

ಅವಳು ಒಡೆದು ಓದಿದಳು. ಮತ್ತೊಮ್ಮೆ ಓದಿದಳು. "ಸರೋವರ ಕಾಣೋ ಕೋಣೆ ಇಟ್ಟಿದಾರಂತೆ ಸಾರ್, ನನಗೆ! ಇದನ್ನ ಯಾವ ಕಡತಕ್ಕೆ ಹಾಕ್ಲಿ?"

ಅಂಥ ಕಡತ ಅಲ್ಲಿರಲಿಲ್ಲ. ಜೆಲಿಗ್ ಕನ್ನಡಕ ಒರೆಸಿಕೊಂಡು, ಪತ್ರವನ್ನು ಮಡಿಸಿ ಅವಳ ಕೈಚೀಲದೊಳಗೆ ಇಟ್ಟರು.

"ರಜಾ ಅರ್ಜಿ ಬರ್ಕೊಡು. ಏಳು ವರ್ಷ ಕರೆದ್ರೂ ಕಾರ್ವರಮ್ಮ ಹೋಗ್ಲಿಲ್ಲ. ನೀನಾದ್ರೂ ಹೋಗಿ ಬಾ."