ಬೆಳ್ಳಿಯ ಮೈಲಿಗೆ

"ಮತ್ತೆ ಕ್ಲೋರಿನ್!" ಪ್ರೊಫೆಸರ್ ಮೇಜು ಗುದ್ದಿದರು. ಬರಿದಾಗಿರಬೇಕಿದ್ದ ಬೆಳ್ಳಿಯ ಮೇಲೆ ಕ್ಲೋರಿನ್ ಪರಮಾಣುಗಳು ಪಂಕ್ತಿಗೆ ಕೂತವರ ಹಾಗೆ ಸಾಲುಸಾಲಾಗಿ ಕೂತಿರುವುದು ಪರಮಾಣು ತೋರಿಸುವ ಸೂಕ್ಷ್ಮದರ್ಶಕ ಯಂತ್ರದ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. "ಬೆವರು ಕೈಯಲ್ಲಿ ಮುಟ್ಟಿದ್ದೀಯ. ಬೆವರಿನ ಉಪ್ಪಿಂದಲೇ ಇದು ಬರೋದು."

"ಇಲ್ಲ ಸರ್, ಗ್ಲೌಸ್ ಹಾಕಿದ್ದೆ," ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ದುರುಗಮ್ಮ ಮಾಸ್ಕಿನೊಳಗೇ ಹಲ್ಲು ಕಚ್ಚಿ ಹೇಳಿದಳು. ಯಂತ್ರದೊಳಗೆ ಇಡಬೇಕಿದ್ದ ಹೊಸ ಬೆಳ್ಳಿಬಿಲ್ಲೆ ಅವಳ ಮುಂದೆ ತಟ್ಟೆಯಲ್ಲಿ ತೆರೆದೇ ಇತ್ತು.

"ಸುಳ್ಳು ಬೇರೆ! ನಿಮ್ಮ ಕೇರಿಯವರಿಗೆ ಮಡಿ ಅಂದ್ರೆ ಏನು ಗೊತ್ತಿರುತ್ತೆ?" ಅವರು ತಟ್ಟೆಯ ಮೇಲೆ ಬಗ್ಗಿ, ಅವಳ ಮುಖಕ್ಕೆ ಬೆರಳು ತೋರಿಸಿ ಕಿರುಚಿದರು. "ಮೊನ್ನೆಯೂ ಇದೇ ಜಾಗದಲ್ಲಿ ನಿಂತು ಗಂಟಲು ಹರಿಯೋ ಹಾಗೆ ಬೈದಿದ್ದೀನಿ. ಬುದ್ಧಿ ಬಂತಾ?"

ದುರುಗಮ್ಮನ ಮೈಯೆಲ್ಲ ಉರಿದುಹೋಯಿತು. ಆದರೂ ಬಿಲ್ಲೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಸರ್, ಎಂಜಲಲ್ಲೂ ಉಪ್ಪಿರುತ್ತಲ್ವಾ?"

"ಇರುತ್ತೆ. ಅದಕ್ಕೇ ತಾನೇ ನಿಂಗೆ ಮಾಸ್ಕ್ ಹಾಕಿಸಿರೋದು!"

ಅವಳು ಟಾರ್ಚ್ ಹಾಕಿದಳು. ಥಳಥಳಿಸುವ ಬೆಳ್ಳಿಯ ಮೇಲೆ, ಪ್ರೊಫೆಸರರ ಬರಿಬಾಯಿಂದ ಹಾರಿದ ಹನಿಗಳು ಆಗಲೇ ಬಂದು ಕೂತಿದ್ದವು.