ಬೆಲ್ ಹೊಡೆಯದ ಕೇಜ್

ಕುಪ್ಪುಸ್ವಾಮಿ ತಾತ ಲ್ಯಾಪ್‌ಟಾಪಿನ ಗುಂಡಿಯ ಮೇಲೆ ಬೆರಳಿಟ್ಟರು, ಒತ್ತಲಿಲ್ಲ.

"ಒತ್ತಿ ತಾತ, ಕೇಜ್ ಇಳೀತದೆ," ಎಂದಳು ರೂಪ.

"ಒತ್ತಲ್ಲಮ್ಮಾ."

ಪರದೆಯ ಮೇಲೆ ಊರಿನ ಹಳೇ ಚಿನ್ನದ ಗಣಿಯ ಬಾಯಿ, ಕೆಲಸಗಾರರನ್ನು ಇಳಿಸುವ ಕಬ್ಬಿಣದ ಕೇಜ್, ಅದರಲ್ಲಿ ನಾಲ್ಕು ಜನ. ಆರು ತಿಂಗಳು ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾ ಬರುತ್ತಾ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರೂಪ ಕಟ್ಟಿದ ಆಟ ಇದು. ಒಂಬತ್ತು ವರ್ಷ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆದು ಬರೆದು ಅವಳಿಗೆ ಸಾಕಾಗಿ ಹೋಗಿತ್ತು. ನಿಮ್ಮದೇ ಒಂದು ಆಟ ಮಾಡಿ ಕಳಿಸಿ, ಆಡುವವರಿಗೆ ತಾವು ಅಲ್ಲೇ ಇದ್ದೇವೆ ಅನ್ನಿಸಬೇಕು, ಆಮೇಲೆ ಕೆಲಸದ ಮಾತು ಎಂದಿತ್ತು ಗೇಮ್ ಕಂಪನಿ. ಇವತ್ತು ಸಂಜೆ ಐದಕ್ಕೆ ಗಡುವು. ಇಪ್ಪತ್ತೆಂಟು ವರ್ಷ ಗಣಿಗಿಳಿದ ಪಕ್ಕದ ಮನೆ ತಾತ ಒಮ್ಮೆ ಆಡಿ ಸೈ ಅಂದರೆ ಕಳಿಸೋಣ ಎಂದುಕೊಂಡಿದ್ದಳು. ತಾತ ನೋಡಿದರೆ ಮೊದಲ ಗುಂಡಿಗೇ ಮುಷ್ಕರ ಹೂಡಿದ್ದರು!

"ಇರೋ ಕೆಲ್ಸ ಬಿಟ್ಟು ಆಟ ಕಟ್ತಾಳಂತೆ, ಕೇಳಿ ಸಾಮಿ," ಅಡುಗೆಮನೆಯಿಂದ ಅಮ್ಮ ಅನಸೂಯಮ್ಮ ಕುಟುಕಿದರು. "ಮೂವತ್ತು ದಾಟ್ತು, ಇನ್ನೂ ಆಟ."

"ಯಾಕೆ ತಾತ, ಚೆನ್ನಾಗಿಲ್ವಾ?" ರೂಪ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಬೆಲ್ ಎಲ್ಲಮ್ಮಾ? ಒಳ್ಗೆ ಜನ ಅವ್ರೆ ಅಂದ್ರೆ ಮೂರು ಬೆಲ್, ಇಳ್ಸು ಅಂದ್ರೆ ಎರಡು. ಬೆಲ್ ಒಡೀದೆ ಕೇಜ್ ಬಿಟ್ರೆ, ಒಂದು ಕಾಲು ಒಳ್ಗೆ ಒಂದು ಕಾಲು ಒರ್ಗೆ ಇಟ್ಟಿರೋನ ಗತಿ ಏನು? ನಾನು ಒತ್ತಲ್ಲಪ್ಪ."

"ಅಯ್ಯೋ, ಇದು ಆಟ ತಾತ! ಯಾರಿಗೂ ಏನೂ ಆಗಲ್ಲ."

"ಯಾರಿಗೂ ಏನೂ ಆಗಲ್ಲ ಅಂದ್ರೆ ಇನ್ಯಾತಕ್ಕಮ್ಮಾ ಆಡೋದು?"

ರೂಪಳಿಗೆ ಸಿಟ್ಟು ನೆತ್ತಿಗೇರಿತು. ಗಡಿಯಾರ ಮೂರು ತೋರಿಸುತ್ತಿತ್ತು. ಆದರೆ ಮಾತು ಸೀದಾ ಎದೆಗೆ ನಾಟಿತ್ತು. ಕತ್ತಲು, ಕಲ್ಲು, ತೊಟ್ಟಿಕ್ಕುವ ನೀರು ಎಲ್ಲವನ್ನೂ ಮಾಡಿದ್ದಳು. ಕೇಜಿನಲ್ಲಿ ನಿಂತ ಆ ನಾಲ್ವರು ಜೀವ ಇರುವವರು ಅಂತ ಅವಳಿಗೇ ಹೊಳೆದಿರಲಿಲ್ಲ. ಥತ್!

"ಬೆಲ್ ಸದ್ದು ಹೆಂಗಿತ್ತು ತಾತ?"

ತಾತ ಸ್ಪೂನಿನಿಂದ ಕಾಫಿ ಲೋಟ ಬಡಿದು ಮುಖ ಸಿಂಡರಿಸಿದರು. "ಇಷ್ಟು ತೆಳ್ಳಗಲ್ಲ."

ಅನಸೂಯಮ್ಮ ಹಿತ್ತಾಳೆ ತಟ್ಟೆಯನ್ನೂ ಸೌಟನ್ನೂ ತಂದು ಮುಂದೆ ಕುಕ್ಕಿದರು. "ಇದ್ರಲ್ಲಿ ಒಡೀರಿ. ಒಟ್ನಲ್ಲಿ ಬೇಗ ಮುಗೀಲಿ."

ಫೋನಿನಲ್ಲಿ ಸದ್ದು ಹಿಡಿದು ಆಟಕ್ಕೆ ಸೇರಿಸುವಷ್ಟರಲ್ಲಿ ನಾಲ್ಕೂಮುಕ್ಕಾಲು. ಮೂರು ಬೆಲ್ ಆಯಿತು, ಎರಡು ಬೆಲ್ ಆಯಿತು. ತಾತ ಗುಂಡಿ ಒತ್ತಿದರು. ಕೇಜ್ ಇಳಿಯಿತು, ಮೇಲಿನ ಬೆಳಕು ಕಾಸಿನಗಲವಾಯಿತು, ಸುರಂಗ ಶುರುವಾಯಿತು. ಚಾವಣಿಯ ಕಲ್ಲು ತಗ್ಗಾದ ಕಡೆ ತಾತ ಕುರ್ಚಿಯಲ್ಲೇ ತಲೆ ಬಗ್ಗಿಸಿದರು. ಹಳೇ ಅಭ್ಯಾಸ ಇರಬೇಕು ಎಂದುಕೊಂಡು ರೂಪ ಅಮ್ಮನ ಕಡೆ ತಿರುಗಿದಳು.

ಜನ್ಮದಲ್ಲಿ ಒಮ್ಮೆಯೂ ಗಣಿಗಿಳಿಯದ ಅನಸೂಯಮ್ಮ, ವಾಪಸ್ ಒಯ್ಯಲು ಎತ್ತಿಕೊಂಡ ಸೌಟು ಹಿಡಿದುಕೊಂಡೇ, ಪರದೆಯಿಂದ ಕಣ್ಣು ಕೀಳದೆ ತಲೆ ಬಗ್ಗಿಸಿ ನಿಂತಿದ್ದರು.