ತಲೆಕೆಳಗಾದ ಪೋಸ್ಟರ್

“ಇದರಲ್ಲಿ ಹೀರೋ ಎಲ್ಲಿದ್ದಾನಮ್ಮಾ?” ಎಂದರು ಅಪ್ಪ. ಮಗಳು ಮಾಡಿದ್ದ ನಾಟಕದ ಪೋಸ್ಟರಿನಲ್ಲಿ ಇದ್ದದ್ದು ಒಂದು ಕೆಂಪು ವೃತ್ತ, ಓರೆಯಾಗಿ ಒಂದು ಕಪ್ಪು ಪಟ್ಟಿ, ಅದರ ಮೇಲೆ ದಪ್ಪ ಅಕ್ಷರ, ಅಷ್ಟೇ. ಅಪ್ಪನದು ಜೀವಮಾನವೆಲ್ಲ ಸಿನಿಮಾ ಬೋರ್ಡುಗಳ ಮೇಲೆ ಆಳೆತ್ತರದ ಮುಖಗಳನ್ನು ಬರೆದ ಕೈ. “ಆ ವೃತ್ತಾನೇ ಅಪ್ಪಾ,” ಎಂದಳು.

ಬೇರೆಯವರ ಕೆಲಸಕ್ಕೆ ಅಪ್ಪ “ಚೆನ್ನಾಗಿದೆ” ಎಂದು ಮುಂದೆ ಹೋಗಿಬಿಡುವವರು. ತಮ್ಮ ಬೋರ್ಡನ್ನು ಮಾತ್ರ ತಲೆಕೆಳಗು ಮಾಡಿ ನೋಡುವರು; ಓದಲಾಗದಿದ್ದರೇ ಅಕ್ಷರಗಳ ನಡುವಿನ ಸಂದು ಕಣ್ಣಿಗೆ ಬೀಳುವುದಂತೆ. ಚೆನ್ನಾಗಿದೆ ಅನ್ನದಿದ್ದರೆ ಸಾಕು ಎಂದು ಮಗಳು ಕಾದಳು.

ಅಪ್ಪ ಹಾಳೆಯ ಎರಡೂ ತುದಿ ಹಿಡಿದು ಮೆಲ್ಲಗೆ ತಿರುಗಿಸಿದರು. ವೃತ್ತ ಕೆಳಗಿಳಿದು ಅಕ್ಷರಗಳ ಕಾಲು ಮೇಲಾಯಿತು.

“ಈ ಎರಡು ಅಕ್ಷರದ ಮಧ್ಯೆ ಆನೆ ನುಗ್ಗುತ್ತಲ್ಲೇ!” ಎಂದು ಗದರಿದರು. ಅವಳಿಗೆ ಹೋದ ಜೀವ ಬಂದಂತಾಯಿತು.